ಮುಟ್ಟಿ ವಾಸಿಯಾದವರು

(ಬಂಗಾರಪೇಟೆಯಲ್ಲಿ ಹಾಸ್ಟೆಲ್ ಗೆಳೆಯರ ಕೂಟದಲ್ಲಿ ಆಡಿದ ಮಾತು. ಆಡಿದ ಹಾಗೇ ಬರೆದಿದ್ದೇವೆ, ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇವೆ.)



ಹೋದ ಕೂಟದಲ್ಲಿ ಜಗಳ ಆದದ್ದು ನಿಮಗೆಲ್ಲ ನೆನಪಿದೆ. ಒಬ್ಬ ಗೆಳೆಯ ಎದ್ದು ನಿಂತು, "ಚರ್ಚಿಗೆ ಹೋಗೋ ನಮ್ಮೋರು ನಮ್ಮೋರೇನಾ? ಭಾನುವಾರ ಬಿಳಿ ಅಂಗಿ ಹಾಕ್ಕೊಂಡು ಸ್ವರ್ಗಕ್ಕೆ ಟಿಕೆಟ್ ತಗೊಳ್ಳೋರಿಗೆ ಹೋರಾಟ ಯಾಕೆ ಬೇಕು?" ಅಂತ ಕೇಳಿದ. ಅರ್ಧ ಜನ ಚಪ್ಪಾಳೆ ಹೊಡೆದರು. ನಾವೂ ಹೊಡೆದೆವು, ಸುಳ್ಳು ಯಾಕೆ ಹೇಳಬೇಕು.

ಅವತ್ತು ರಾತ್ರಿ ಒಬ್ಬ ಹುಡುಗ ರೈಲ್ವೆ ಸ್ಟೇಷನ್‌ವರೆಗೂ ನಮ್ಮ ಜೊತೆ ನಡೆದುಬಂದ. ಮಾರಿಕುಪ್ಪಂ ಗಾಡಿ ಇನ್ನೂ ಬಂದಿರಲಿಲ್ಲ. "ಅಣ್ಣಾ, ನನಗೆ ಎರಡು ಹೆಸರು" ಅಂದ. "ರಿಜಿಸ್ಟರ್‌ನಲ್ಲಿ ಒಂದು, ಚರ್ಚಿನಲ್ಲಿ ಒಂದು. ಹಾಸ್ಟೆಲಲ್ಲಿ ಯಾರಾದರೂ ಚರ್ಚಿನ ಹೆಸರು ಕೂಗಿದರೆ ಸೀಟು ಹೋಗುತ್ತೆ ಅಂತ ಭಯ. ಚರ್ಚಲ್ಲಿ ರಿಜಿಸ್ಟರ್ ಹೆಸರು ಕೂಗಿದರೆ ನಾಚಿಕೆ. ಈಗ ನಿಮ್ಮ ಕೂಟಕ್ಕೆ ಬಂದರೆ ಯಾವ ಹೆಸರು ಹೇಳಲಿ?"

ಅವನ ಒಪ್ಪಿಗೆ ತಗೊಂಡೇ ಇದನ್ನ ಹೇಳ್ತಿದ್ದೇವೆ. ಯಾರು ಅಂತ ಹುಡುಕೋಕೆ ಹೋಗಬೇಡಿ. ಈ ಕೋಣೆಯಲ್ಲೇ ಅಂಥವರು ಒಬ್ಬರಲ್ಲ, ಇಬ್ಬರಲ್ಲ. ಅವತ್ತು ನಮ್ಮ ಹತ್ತಿರ ಉತ್ತರ ಇರಲಿಲ್ಲ. ಗಾಡಿ ಬಂತು, ಹತ್ತಿದೆವು. ಇವತ್ತಿನ ಮಾತು ಅವನಿಗೆ ಕೊಡಬೇಕಾದ ಬಾಕಿ.

ನಾವು ಪಾದ್ರಿಗಳಲ್ಲ. ಬಿ.ಎ. ಓದಿ ಪದ್ಯ ಬರೆಯೋರು. ಗಣಿ ಲೈನಿನ ಮನೆಯಲ್ಲಿ ಹುಟ್ಟಿದವರು. ಮನೇಲಿ ತಮಿಳು, ಬೀದೀಲಿ ತೆಲುಗು, ಸ್ಕೂಲಲ್ಲಿ ಕನ್ನಡ. ಅಜ್ಜಿಯನ್ನ ಪಾಟಿ ಅಂತಲೇ ಕರೆದೆವು. ಪಾಟಿ ಯೇಸುವಿನ ಕಡೆ, ತಾತ ಬುದ್ಧನ ಕಡೆ. ಎರಡೂ ಒಂದೇ ಸೂರಿನ ಕೆಳಗೆ ಹೇಗೆ ಅಂತ ಬೇರೆ ಊರಿನವರು ಕೇಳ್ತಾರೆ. ಕೋಲಾರ ಚಿನ್ನದ ಗಣಿಯಲ್ಲಿ ಇದು ಹೊಸದಲ್ಲ. ಪಂಡಿತ ಅಯೋತಿದಾಸರ ಶಾಕ್ಯ ಬೌದ್ಧ ಸಂಘ ಮಾರಿಕುಪ್ಪಂಗೆ ಬಂದು ನೂರು ವರ್ಷ ದಾಟಿತು. ಆರ್ಕಾಟಿನ ಕಡೆಯಿಂದ ಗಣಿಗೆ ಇಳಿಯೋಕೆ ಬಂದ ನಮ್ಮ ಜನ ಊರಲ್ಲಿ ದೇವಸ್ಥಾನದ ಹೊಸ್ತಿಲು ದಾಟಿದವರಲ್ಲ. ಇಲ್ಲಿ ಕೆಲವರು ಬುದ್ಧನ ಹತ್ತಿರ ಹೋದರು, ಕೆಲವರು ಚರ್ಚಿಗೆ ಹೋದರು, ಕೆಲವರು ಮಾರಿಯಮ್ಮನ ಕೈ ಬಿಡಲಿಲ್ಲ. ಎಲ್ಲರಿಗೂ ಬೇಕಾಗಿದ್ದದ್ದು ಕೂತುಕೊಳ್ಳೋಕೆ ಒಂದು ಜಾಗ. ಅಂದಹಾಗೆ, ಆ ಅಯೋತಿದಾಸರು ವೃತ್ತಿಯಲ್ಲಿ ಸಿದ್ಧವೈದ್ಯರು. ನಾಡಿ ಹಿಡಿದ ಕೈಯೇ 1907ರಲ್ಲಿ ಪತ್ರಿಕೆ ಶುರು ಮಾಡಿತು. ಮೈಯ ರೋಗವನ್ನೂ ಊರಿನ ರೋಗವನ್ನೂ ಬೇರೆ ಬೇರೆ ಅಂತ ಅವರು ನೋಡಲಿಲ್ಲ. ಇವತ್ತು ನಾವು ಹೇಳಬೇಕಾಗಿರೋದೂ ಅದೇ, ಆದರೆ ಪಾಟಿಯ ಪುಸ್ತಕದಿಂದ ಹೇಳ್ತೇವೆ.

ಮೊದಲು ಮಾತುಗಳನ್ನ ನೋಡಿ. ಕಾಯಿಲೆ ಹೋದರೆ ಕನ್ನಡದಲ್ಲಿ 'ವಾಸಿಯಾಯ್ತು' ಅಂತೀವಿ. ಊರಲ್ಲಿ ನೆಲೆ ಇರೋನನ್ನೂ ವಾಸಿ ಅಂತೀವಿ, ಗ್ರಾಮವಾಸಿ, ನಗರವಾಸಿ. ಈ ಎರಡಕ್ಕೂ ಸಂಬಂಧ ಇಲ್ಲ ಅಂತ ಪಂಡಿತರು ಹೇಳಬಹುದು. ಹೇಳಲಿ. ನಮ್ಮ ಕಿವಿಗೆ ಸಂಬಂಧ ಇದೆ. ಇರೋಕೆ ಜಾಗ ಇಲ್ಲದವನು ವಾಸಿಯಾಗೋದು ಎಲ್ಲಿ? ಇನ್ನು 'ದಲಿತ' ಅನ್ನೋ ಮಾತು. ಒಡೆದದ್ದು, ಸೀಳಿದ್ದು, ತುಳಿಸಿಕೊಂಡದ್ದು. ಒಡೆದದ್ದಕ್ಕೆ ಎದುರು ಮಾತು ಇಡಿ. ಹೊಸ ಒಡಂಬಡಿಕೆಯ ಗ್ರೀಕ್ ಭಾಷೆಯಲ್ಲಿ ಕಾಯಿಲೆ ವಾಸಿ ಮಾಡೋದಕ್ಕೂ ಆಪತ್ತಿನಿಂದ ಬಿಡಿಸೋದಕ್ಕೂ 'ಸೋಜೋ' ಅನ್ನೋ ಒಂದೇ ಕ್ರಿಯಾಪದ ಬರುತ್ತೆ. ಹೀಬ್ರೂ ಭಾಷೆಯ 'ಶಾಲೋಮ್' ಅನ್ನೋದನ್ನ ನಮ್ಮವರು ಸಮಾಧಾನ ಅಂತ ತರ್ಜುಮೆ ಮಾಡ್ತಾರೆ. ಅದರ ಬೇರಿನಲ್ಲಿ ಇಡಿಯಾಗಿರೋದು, ಕೊರತೆ ಇಲ್ಲದಿರೋದು ಅನ್ನೋ ಅರ್ಥ ಇದೆ. ಜ್ವರ ಇಳಿದರೆ ಸಾಲದು, ಒಡೆದದ್ದು ಕೂಡಿಕೊಳ್ಳಬೇಕು. ಆ ಪುಸ್ತಕದಲ್ಲಿ ವಾಸಿ ಅಂದರೆ ಇಷ್ಟು.

ಈಗ ತಾತನ ವಿಷಯ. ಮೂವತ್ತು ವರ್ಷ ನೆಲದೊಳಗೆ ಕೆಲಸ ಮಾಡಿ ಬಂದ ಮನುಷ್ಯ. ಕೊನೆಯ ವರ್ಷಗಳಲ್ಲಿ ಪುಪ್ಪುಸದ ತುಂಬ ಕಲ್ಲಿನ ಧೂಳು. ಮಲಗೋಕೆ ಆಗ್ತಿರಲಿಲ್ಲ. ಮಲಗಿದರೆ ಉಸಿರು ಕಟ್ಟೋದು. ರಾತ್ರಿ ಎಲ್ಲಾ ಕೂತೇ ಇರಬೇಕು. ಪಾಟಿ ಸ್ಟೂಲ್ ಮೇಲೆ ದೀಪ ಇಟ್ಟುಕೊಂಡು ಬೈಬಲ್ ಓದೋರು. ಒಂದು ಸಲ ಯೋಹಾನನ ಸುವಾರ್ತೆಯ ಐದನೇ ಅಧ್ಯಾಯ ಓದಿದರು. ಯೆರೂಸಲೇಮಿನಲ್ಲಿ ಒಂದು ಕೊಳ. ನೀರು ಕದಲಿದಾಗ ಮೊದಲು ಇಳಿದವನಿಗೆ ವಾಸಿಯಾಗುತ್ತೆ ಅನ್ನೋ ನಂಬಿಕೆ. ದಡದಲ್ಲಿ ಒಬ್ಬ ಮೂವತ್ತೆಂಟು ವರ್ಷದಿಂದ ಕಾಯಿಲೆ ಬಿದ್ದಿದ್ದಾನೆ. ಇಷ್ಟು ವರ್ಷ ಯಾಕೆ ಇಳಿಯಲಿಲ್ಲ ಅಂದರೆ, ಇಳಿಸುವವರು ಯಾರೂ ಇಲ್ಲ, ಇವನು ತೆವಳಿ ಹೋಗೋ ಹೊತ್ತಿಗೆ ಇನ್ಯಾರೋ ಇಳಿದಿರ್ತಾರೆ. ಕೊಳದ ಕಥೆ ಕೇಳಿದರೆ ನಮಗೆ 1927ರ ಮಹಾಡ್ ನೆನಪಾಗದೆ ಇರುತ್ತಾ? ನೀರು ಇದೆ, ದಡದಲ್ಲಿ ಜನ ಇದ್ದಾರೆ, ಇಳಿಯೋ ಹಕ್ಕು ಮಾತ್ರ ಬೇರೆಯವರದು.

ತಾತನಿಗೆ ಮಹಾಡ್ ನೆನಪಾಗಲಿಲ್ಲ. ಕೆಮ್ಮುತ್ತಾ ನಕ್ಕರು. "ಅವನಿಗೆ ಇಳಿಸೋರು ಇರಲಿಲ್ವಾ? ನಮ್ಮನ್ನ ದಿನಾ ಇಳಿಸಿದರು ಕಣೇ. ಕೇಜಿನಲ್ಲಿ ನಿಲ್ಲಿಸಿ ಇಳಿಸಿದರು. ಮೇಲಕ್ಕೆ ಎತ್ತೋರು ಬೇಕಾಗಿತ್ತು."

ಪಾಟಿ ಪುಸ್ತಕ ಮುಚ್ಚಿದರು. ಆದರೆ ಹಟ ಬಿಡಲಿಲ್ಲ. ಒಂದು ಬಯಲಲ್ಲಿ ಸ್ವಸ್ಥತಾ ಪ್ರಾರ್ಥನೆ ಇತ್ತು. ಯಾವ ಊರು, ಯಾರ ಕೂಟ ಬೇಡ. ತಾತನನ್ನ ಆಟೋದಲ್ಲಿ ಕರಕೊಂಡು ಹೋದೆವು. ವೇದಿಕೆ ಮೇಲೆ ಹತ್ತಿಸಿದರು. ಬೋಧಕ ತಲೆ ಮೇಲೆ ಕೈ ಇಟ್ಟು ಕೋಲು ಬಿಸಾಡು ಅಂದ. ತಾತ ಬಿಸಾಡಿದರು. ನಾಲ್ಕು ಹೆಜ್ಜೆ ನಡೆದು ಕುಸಿದು ಕೂತರು. ಬೋಧಕ ಮೈಕಿನಲ್ಲೇ, ಇವರಲ್ಲಿ ನಂಬಿಕೆ ಕಡಿಮೆ ಇದೆ ಅಂದುಬಿಟ್ಟ. ಸಾವಿರಾರು ಜನದ ಮುಂದೆ. ಪಾಟಿ ಹುಟ್ಟಿದಾಗಿನಿಂದ ಪ್ರಾರ್ಥನೆಯ ನಡುವೆ ಎದ್ದು ಬಂದವರಲ್ಲ. ಅವತ್ತು ವೇದಿಕೆ ಹತ್ತಿ, ಕೋಲು ಹೆಕ್ಕಿ ತಾತನ ಕೈಗೆ ಕೊಟ್ಟು, ಇಳಿಸಿಕೊಂಡು ಬಂದರು. ದಾರಿಯಲ್ಲಿ ಒಂದೇ ಮಾತು. "ಯೇಸು ಯಾರನ್ನೂ ಹೀಗೆ ಅವಮಾನ ಮಾಡಲಿಲ್ಲ."

ಪಾಟಿ ಹೇಳಿದ್ದು ನಿಜವಾ ಅಂತ ನಾವು ಆಮೇಲೆ ಕಾಲೇಜಿನಲ್ಲಿದ್ದಾಗ ಆ ಪುಸ್ತಕವನ್ನ ನಾವೇ ಓದಿದೆವು. ಭಕ್ತಿಯಿಂದ ಅಲ್ಲ, ಸಾಕ್ಷಿ ಹುಡುಕೋ ವಕೀಲನ ಹಾಗೆ.

ಮಾರ್ಕನ ಸುವಾರ್ತೆಯ ಮೊದಲನೇ ಅಧ್ಯಾಯದಲ್ಲಿ ಒಬ್ಬ ಕುಷ್ಠರೋಗಿ ಬರ್ತಾನೆ. ಆ ಕಾಲದ ಶಾಸ್ತ್ರ ಅವನನ್ನ ಊರಾಚೆ ಇಟ್ಟಿತ್ತು. ಬಟ್ಟೆ ಹರಿದುಕೊಂಡು, ಬಾಯಿ ಮುಚ್ಚಿಕೊಂಡು, ತಾನು ಅಶುದ್ಧ ಅಂತ ತಾನೇ ಕೂಗಿಕೊಳ್ಳಬೇಕು. ಪೇಶ್ವೆಗಳ ಪುಣೆಯಲ್ಲಿ ನಮ್ಮವರ ಕೊರಳಿಗೆ ಮಡಕೆ ಕಟ್ಟಿದ್ದ ಕಥೆ ಕೇಳಿದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಯೇಸು ದೂರದಿಂದಲೇ ಮಾತಿನಲ್ಲಿ ವಾಸಿ ಮಾಡಬಹುದಾಗಿತ್ತು. ಬೇರೆ ಕಡೆ ಹಾಗೆ ಮಾಡಿದ್ದೂ ಇದೆ. ಇಲ್ಲಿ ಮೊದಲು ಕೈ ಚಾಚಿ ಮುಟ್ಟಿದ. ಆಮೇಲೆ ವಾಸಿಯಾದದ್ದು. ಅಷ್ಟಕ್ಕೇ ಬಿಡಲಿಲ್ಲ, ಪುರೋಹಿತನ ಹತ್ತಿರ ಹೋಗಿ ತೋರಿಸಿಕೋ ಅಂತ ಕಳಿಸಿದ. ಯಾಕೆ? ಆ ಕಾಲದಲ್ಲಿ ಊರೊಳಗೆ ಮತ್ತೆ ಸೇರಬೇಕಾದರೆ ಪುರೋಹಿತನ ಒಪ್ಪಿಗೆ ಬೇಕು. ಅದು ಅವರ ಸರ್ಟಿಫಿಕೇಟು. ಚರ್ಮ ವಾಸಿಯಾದರೂ ಊರು ಸೇರಿಸಿಕೊಳ್ಳದಿದ್ದರೆ ಕೆಲಸ ಅರ್ಧಕ್ಕೆ ನಿಂತ ಹಾಗೆ. ಇನ್ನೂ ಒಂದು ಸಂಗತಿ ಆ ಅಧ್ಯಾಯದ ಕೊನೆಯಲ್ಲಿದೆ, ಪ್ರಸಂಗಗಳಲ್ಲಿ ಅದನ್ನ ಹೆಚ್ಚು ಹೇಳೋದಿಲ್ಲ. ಸುದ್ದಿ ಹಬ್ಬಿದ ಮೇಲೆ ಯೇಸುವಿಗೇ ಊರೊಳಗೆ ಬಹಿರಂಗವಾಗಿ ಹೋಗೋಕೆ ಆಗಲಿಲ್ಲ, ಊರ ಹೊರಗೆ ಬಯಲಲ್ಲಿ ಇರಬೇಕಾಯಿತು. ಹೊರಗಿದ್ದವನು ಒಳಗೆ ಹೋದ. ಒಳಗಿದ್ದವನು ಹೊರಗೆ ಬಂದ.

ಇನ್ನೊಂದು ಮಾರ್ಕನ ಐದನೇ ಅಧ್ಯಾಯ. ಹನ್ನೆರಡು ವರ್ಷದಿಂದ ರಕ್ತಸ್ರಾವ ಆಗ್ತಿರೋ ಹೆಂಗಸು. ಇದ್ದಬದ್ದ ದುಡ್ಡೆಲ್ಲ ವೈದ್ಯರಿಗೆ ಸುರಿದಿದ್ದಾಳೆ. ಶಾಸ್ತ್ರದ ಪ್ರಕಾರ ಅವಳು ಮೈಲಿಗೆ, ಅವಳು ಕೂತ ಜಾಗ ಮೈಲಿಗೆ. ಗುಂಪಿನಲ್ಲಿ ನುಗ್ಗಿ ಹಿಂದಿನಿಂದ ಯೇಸುವಿನ ಬಟ್ಟೆ ಮುಟ್ಟಿದಳು. ಯೇಸು ಆಗ ಸಭಾಮಂದಿರದ ಯಜಮಾನನೊಬ್ಬನ ಮಗಳಿಗೆ ಸಾಯೋ ಹಾಗಾಗಿದೆ ಅಂತ ಅವರ ಮನೆಗೆ ಹೊರಟಿದ್ದ. ನಿಂತುಬಿಟ್ಟ. ಯಾರು ಮುಟ್ಟಿದ್ದು ಅಂತ ಕೇಳಿದ. ದೊಡ್ಡಮನುಷ್ಯ ಕಾಯಬೇಕಾಯಿತು. ಅವಳು ನಡುಗುತ್ತಾ ಮುಂದೆ ಬಂದಳು. ನಮ್ಮ ಹೆಣ್ಣುಮಕ್ಕಳಿಗೆ ಗೊತ್ತು ಆ ನಡುಕ. ಯಾರು ಮುಟ್ಟಿದ್ದು ಅನ್ನೋ ಪ್ರಶ್ನೆಯ ಹಿಂದೆ ನಮ್ಮ ಊರುಗಳಲ್ಲಿ ಏನು ಬರುತ್ತೆ ಅಂತ ಗೊತ್ತು.

ದೂರ ಹೋಗಬೇಡಿ, ಪಕ್ಕದ ಮಾಲೂರು ತಾಲ್ಲೂಕು. 2022ರ ಸೆಪ್ಟೆಂಬರ್‌ನಲ್ಲಿ ಉಳ್ಳೇರಹಳ್ಳಿಯಲ್ಲಿ ನಮ್ಮ ಹುಡುಗನೊಬ್ಬ ದೇವರ ಮೆರವಣಿಗೆಯ ಕೋಲು ಮುಟ್ಟಿದ. ಯಾರು ಮುಟ್ಟಿದ್ದು ಅಂತ ಅಲ್ಲೂ ಕೇಳಿದರು. ಅರವತ್ತು ಸಾವಿರ ರೂಪಾಯಿ ದಂಡ ಹಾಕಿದರು. ಆ ಮನೆಯವರು ದೇವರ ಪಟ ತೆಗೆದು ಅಂಬೇಡ್ಕರರ ಪಟ ಇಟ್ಟುಕೊಂಡರು. ಅದೂ ಒಂದು ಬಗೆಯ ವಾಸಿ ಅಂತ ನಮಗೆ ಅನಿಸುತ್ತೆ. ಆ ಹೆಂಗಸಿಗೆ ಯೇಸು ದಂಡ ಹಾಕಲಿಲ್ಲ. ಮಗಳು ಅಂತ ಕರೆದ. ಆ ಅಧ್ಯಾಯದಲ್ಲಿ ಯಜಮಾನನ ಮಗಳಿಗೆ ಅಪ್ಪ ಇದ್ದಾನೆ, ಬೇಡಿಕೊಳ್ಳೋಕೆ ಬಂದಿದ್ದಾನೆ. ಇವಳ ಪರವಾಗಿ ಬಂದವರು ಯಾರೂ ಇಲ್ಲ. ರಕ್ತ ನಿಂತದ್ದು ಬಟ್ಟೆ ಮುಟ್ಟಿದಾಗಲೇ. ಹಾಗಿದ್ದರೂ ಅವನು ನಿಂತು ಕರೆದದ್ದು ಯಾಕೆ? ಕದ್ದು ವಾಸಿಯಾಗಿ ಕದ್ದು ಮನೆಗೆ ಹೋಗಬೇಡ, ಎಲ್ಲರ ಮುಂದೆ ನೀನು ಇವರಲ್ಲಿ ಒಬ್ಬಳಾಗು ಅಂತ. ನಮ್ಮ ಅರ್ಥ ಇದು. ಪಾದ್ರಿಗಳು ತಿದ್ದಲಿ.

ಈ ಕನ್ನಡಿಯನ್ನ ನಮ್ಮ ಗಣಿಯ ಕಡೆ ತಿರುಗಿಸಿ ನೋಡಿ. ಅದೇ ಐದನೇ ಅಧ್ಯಾಯದಲ್ಲಿ ಸಮಾಧಿಗಳ ನಡುವೆ ಬದುಕೋ ಒಬ್ಬ ಹುಚ್ಚ ಇದ್ದಾನೆ. ಹೆಸರು ಕೇಳಿದರೆ ದಂಡು ಅಂತಾನೆ. ದಂಡು ಅಂದರೆ ರೋಮಿನ ಪಟಾಲಮ್ಮು, ನಮ್ಮ ಬೆಂಗಳೂರು ದಂಡಿನ ಹಾಗೆ. ಅವನ ಮೈಮೇಲೆ ಸಾಮ್ರಾಜ್ಯವೇ ಏರಿ ಕೂತಿದೆ. ಅವನು ವಾಸಿಯಾದ, ಆದರೆ ಆ ಗದ್ದಲದಲ್ಲಿ ಎರಡು ಸಾವಿರ ಹಂದಿ ಕೆರೆಗೆ ಬಿದ್ದು ಸತ್ತವು. ಊರಿನವರು ಓಡಿ ಬಂದರು. ಬಟ್ಟೆ ಹಾಕ್ಕೊಂಡು ಸರಿಯಾಗಿ ಕೂತಿದ್ದ ಮನುಷ್ಯನನ್ನ ನೋಡಿದರು, ಹಂದಿಯ ಲೆಕ್ಕ ಹಾಕಿದರು, ಯೇಸುವಿಗೆ ದಯವಿಟ್ಟು ಊರು ಬಿಟ್ಟು ಹೋಗು ಅಂದರು.

ಕೋಲಾರದ ಗಣಿಯಲ್ಲಿ ಲೆಕ್ಕ ಚೆನ್ನಾಗಿತ್ತು. 1880ರಿಂದ ಜಾನ್ ಟೇಲರ್ ಕಂಪನಿ, 1956ರಿಂದ ಸರ್ಕಾರ, 2001ರ ಫೆಬ್ರವರಿ 28ಕ್ಕೆ ಬೀಗ. ನೂರಿಪ್ಪತ್ತು ವರ್ಷದಲ್ಲಿ ಸುಮಾರು 800 ಟನ್ ಚಿನ್ನ. ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗಿಂತ ಆಳ. 1902ರಲ್ಲಿ ಶಿವನಸಮುದ್ರದಿಂದ ಗಣಿಗೆ ಕರೆಂಟು ಬಂತು. ಪುಪ್ಪುಸದ ಲೆಕ್ಕ? ಅದನ್ನೂ ಒಮ್ಮೆ ತೆಗೆದಿದ್ದಾರೆ. 1940ರ ದಶಕದಲ್ಲಿ ಇಲ್ಲಿನ ಸಾವಿರಾರು ಕಾರ್ಮಿಕರ ಎದೆ ಪರೀಕ್ಷೆ ಮಾಡಿದಾಗ ನೂರಕ್ಕೆ 40ಕ್ಕೂ ಹೆಚ್ಚು ಜನಕ್ಕೆ ಸಿಲಿಕೋಸಿಸ್ ಇತ್ತು. ಬಂಡೆ ಕೊರೆಯುವಾಗ ಏಳೋ ಸಣ್ಣ ಧೂಳು ಒಳಗೆ ಹೋಗಿ ಪುಪ್ಪುಸವನ್ನ ಗಟ್ಟಿ ಮಾಡೋ ರೋಗ. ಔಷಧಿ ಇಲ್ಲ, ಬರದ ಹಾಗೆ ತಡೆಯಬಹುದು ಅಷ್ಟೆ. ಇಂಥ ರೋಗಿಯನ್ನ ವೇದಿಕೆ ಹತ್ತಿಸಿ ನಂಬಿಕೆ ಕಡಿಮೆ ಅನ್ನೋದು ಕಲ್ಲಿನ ತಪ್ಪನ್ನ ಉಸಿರಿನ ಮೇಲೆ ಹಾಕಿದ ಹಾಗೆ. 1930ರಲ್ಲಿ ಗಣಿಯವರು ಬೆರಳಚ್ಚು ಕೇಳಿದಾಗ, ನಾವೇನು ಕಳ್ಳರಾ ಅಂತ ಸಾವಿರಾರು ಜನ ಕೆಲಸಕ್ಕೆ ಇಳಿಯದೆ ಕೂತರು. ಆ ಮುಷ್ಕರವನ್ನೂ ನಾವು ವಾಸಿಯಾದ ಕಥೆಗಳ ಜೊತೆಗೇ ಇಡ್ತೇವೆ. ಇವತ್ತಿಗೂ ಗಾಳಿ ಎದ್ದರೆ ಸಯನೈಡ್ ದಿಬ್ಬದ ಧೂಳು ಲೈನಿನ ಮನೆಗಳಿಗೆ ನುಗ್ಗುತ್ತೆ. ಬಟ್ಟೆ ಒಣಹಾಕೋ ಹೆಂಗಸರನ್ನ ಕೇಳಿ.

ಹಾಗಾದರೆ ಚರ್ಚು ಏನು ಮಾಡಿತು? ನ್ಯಾಯವಾಗಿ ಹೇಳಬೇಕು. 1876-78ರ ಬರದಲ್ಲಿ ತಬ್ಬಲಿಯಾದ ಮಕ್ಕಳನ್ನ ಕೋಲಾರದಲ್ಲಿ ಸಾಕಿದ್ದು ಮಿಷನ್ನಿನವರು. ಕೋಲಾರದ ಇ.ಟಿ.ಸಿ.ಎಂ. ಆಸ್ಪತ್ರೆ 1910ರಿಂದ ಇದೆ. ಮೆಥಡಿಸ್ಟರು ಕಟ್ಟಿದ್ದು. ಊರಿನ ವೈದ್ಯ ನಾಡಿ ಮುಟ್ಟೋಕೂ ಹಿಂಜರಿದ ಕಾಲದಲ್ಲಿ ಮಿಷನ್ ಆಸ್ಪತ್ರೆಗಳ ನರ್ಸಮ್ಮಂದಿರು ನಮ್ಮ ಹುಣ್ಣು ತೊಳೆದರು. ಅದನ್ನ ಮರೆತರೆ ನಾವು ಕೃತಘ್ನರು.

ಆದರೆ ಹುಣ್ಣು ತೊಳೆದವರು ಊಟಕ್ಕೆ ಪಕ್ಕದಲ್ಲಿ ಕೂರಿಸಿಕೊಂಡರಾ? ಗಣಿಯಲ್ಲಿ ಬಿಳಿಯರ ಆರಾಧನೆ ಬೇರೆ, ಕೂಲಿಯವರ ಆರಾಧನೆ ಬೇರೆ. ಬಿಳಿಯರು ಹೋದ ಮೇಲೆ ನಮ್ಮವರದೇ ಜಾತಿ. ತಿರುಚಿರಾಪಳ್ಳಿಯ ಕ್ರೈಸ್ತ ಸ್ಮಶಾನದಲ್ಲಿ ದಲಿತರ ಗೋರಿಗೂ ಮಿಕ್ಕವರ ಗೋರಿಗೂ ನಡುವೆ ಗೋಡೆ ಕಟ್ಟಿದ್ದನ್ನ ಪತ್ರಿಕೆಗಳಲ್ಲಿ ಓದಿದ್ದೀರಿ. ಸತ್ತ ಮೇಲೂ ಮಡಿ. ಕೊರಿಂಥದ ಸಭೆಯಲ್ಲಿ ಇಂಥದ್ದೇ ನಡೀತಿತ್ತು. ಉಳ್ಳವರು ಮೊದಲೇ ಉಂಡು ಕುಡಿದು ತೇಗೋರು, ದುಡಿದು ಬಂದವರಿಗೆ ಹಸಿವು. ಪೌಲ ಅವರಿಗೆ ಬರೆದ ಮೊದಲ ಪತ್ರದ ಹನ್ನೊಂದನೇ ಅಧ್ಯಾಯ ಓದಿ ನೋಡಿ. ನಿಮ್ಮಲ್ಲಿ ಇಷ್ಟು ಜನ ಕಾಯಿಲೆ ಬಿದ್ದಿರೋದು, ಸತ್ತಿರೋದು ಈ ಪಂಕ್ತಿಯಿಂದಲೇ ಅನ್ನೋ ಅರ್ಥದಲ್ಲಿ ಬೈದಿದ್ದಾನೆ. ರೋಗ ಇರೋದು ಕೆಮ್ಮುವವನ ಎದೆಯಲ್ಲಿ ಮಾತ್ರ ಅಲ್ಲ, ಊಟದ ಸಾಲಿನಲ್ಲಿದೆ. ಎರಡು ಲೋಟದ ಹೋಟೆಲು ನೋಡಿದ ನಮಗೆ ಪೌಲನ ಆ ಸಿಟ್ಟು ಚೆನ್ನಾಗಿ ಅರ್ಥ ಆಗುತ್ತೆ.

ಬಾಬಾಸಾಹೇಬರು 1938ರಲ್ಲಿ ಸೊಲ್ಲಾಪುರದಲ್ಲಿ ಕ್ರೈಸ್ತರ ಸಭೆಯಲ್ಲಿ ಮಾತಾಡಿದರು. ತಮ್ಮನ್ನ ಆಕರ್ಷಿಸಿದವರು ಬುದ್ಧ ಮತ್ತು ಕ್ರಿಸ್ತ ಅಂತ ಹೇಳಿದರು. ಹೇಳಿ, ಸಾಮಾಜಿಕ ಅನ್ಯಾಯದ ವಿರುದ್ಧ ನಿಮ್ಮ ಸಮುದಾಯ ಹೋರಾಡಲಿಲ್ಲವಲ್ಲ ಅಂತ ಮುಖಕ್ಕೇ ಕೇಳಿದರು. ಅದಕ್ಕೆ ಉತ್ತರ ಬರೋಕೆ ಬಹಳ ವರ್ಷ ಹಿಡಿಯಿತು. 1981ರಲ್ಲಿ ನಮ್ಮ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಒಂದು ಭಾಷಣ ಮಾಡಿದರು. ಅಲ್ಲಿಂದ ದಲಿತ ದೇವಶಾಸ್ತ್ರ ಅನ್ನೋದು ಬೆಳೆಯಿತು. ಚರ್ಚಿನ ಬೆಂಚು ತುಂಬಿಸೋರು ದಲಿತರು, ಆದರೆ ಚರ್ಚಿನ ಪಂಡಿತರು ತಲೆ ಕೆಡಿಸಿಕೊಂಡಿದ್ದೆಲ್ಲ ಬ್ರಾಹ್ಮಣರ ವೇದಾಂತದ ಜೊತೆ ಅನ್ನೋದು ಅವರ ತಕರಾರು.

ಈಗ ಆ ಹುಡುಗನ ಎರಡು ಹೆಸರಿಗೆ ಬರೋಣ. ಅವನನ್ನ ಸೀಳಿದ್ದು ಯೇಸು ಅಲ್ಲ. 1950ರ ರಾಷ್ಟ್ರಪತಿಗಳ ಆದೇಶ. ಪರಿಶಿಷ್ಟ ಜಾತಿ ಅಂದರೆ ಹಿಂದೂ ಆಗಿರಬೇಕು ಅಂತ ಅದರ ಮೂರನೇ ಪ್ಯಾರಾ ಹೇಳಿತು. 1956ರಲ್ಲಿ ಸಿಖ್ಖರನ್ನ ಸೇರಿಸಿದರು, 1990ರಲ್ಲಿ ಬೌದ್ಧರನ್ನ ಸೇರಿಸಿದರು. ಕ್ರೈಸ್ತರು, ಮುಸ್ಲಿಮರು ಹೊರಗೇ ಉಳಿದರು. 2007ರಲ್ಲಿ ರಂಗನಾಥ ಮಿಶ್ರ ಆಯೋಗ ಈ ಕಟ್ಟು ತೆಗೆಯಿರಿ ಅಂದಿತು. ತೆಗೆಯಲಿಲ್ಲ. ಅಂದರೆ ನಮ್ಮ ತಾತನಿಗೆ ಬುದ್ಧನ ಹೆಸರಲ್ಲಿ ಸಿಕ್ಕಿದ್ದು ಪಾಟಿಗೆ ಯೇಸುವಿನ ಹೆಸರಲ್ಲಿ ಸಿಗೋದಿಲ್ಲ. ಒಂದೇ ಲೈನು, ಒಂದೇ ಅಡುಗೆಮನೆ, ಒಂದೇ ಜಾತಿಯ ಬೈಗುಳ. ಬೈಯೋನು ಧರ್ಮ ಕೇಳಿ ಬೈಯೋದಿಲ್ಲ. ಸರ್ಟಿಫಿಕೇಟ್ ಬರೆಯೋನು ಮಾತ್ರ ಕೇಳ್ತಾನೆ.

ಸ್ವರ್ಗದ ಟಿಕೆಟ್ ಅಂತ ನಾವು ಚಪ್ಪಾಳೆ ಹೊಡೆದೆವಲ್ಲ, ಆ ಹುಡುಗ ಈ ಲೋಕದಲ್ಲೇ ಎರಡು ಕಡೆ ಟಿಕೆಟ್ ಇಲ್ಲದೆ ಓಡಾಡ್ತಿದ್ದಾನೆ. ಸರ್ಕಾರ ಅವನನ್ನ ಅರ್ಧ ಮಾಡಿತು, ಚರ್ಚು ಅವನನ್ನ ಹಿಂದಿನ ಬೆಂಚಿನಲ್ಲಿ ಕೂರಿಸಿತು. ನಾವು? ನಾವು ಅವನ ಹೆಸರನ್ನೇ ಕೇಳಲಿಲ್ಲ, ನಮ್ಮವನೇನಾ ಅಂತ ಕೇಳಿದೆವು. ಆ ಪುರೋಹಿತನ ಕೆಲಸ ನಮಗೆ ಯಾರು ಕೊಟ್ಟರು? ಎಡ-ಬಲ ಅಂತ ನಮ್ಮೊಳಗೇ ತಟ್ಟೆ ದೂರ ಇಡೋ ನಾವು ಬೇರೆಯವರ ಪಂಕ್ತಿಯ ಬಗ್ಗೆ ಭಾಷಣ ಮಾಡೋಕೆ ಮೊದಲು ಸ್ವಲ್ಪ ನಾಚಿಕೊಳ್ಳಬೇಕು. ಈ ಮಾತಿಗೆ ಯಾರಿಗಾದರೂ ಸಿಟ್ಟು ಬಂದಿದ್ದರೆ ಆಮೇಲೆ ಜಗಳ ಆಡೋಣ.

ತಾತನ ಕಥೆ ಅರ್ಧಕ್ಕೆ ಬಿಟ್ಟೆವು. ಆ ಬಯಲಿನಿಂದ ವಾಪಸ್ಸು ಬಂದ ರಾತ್ರಿ ಉಸಿರಾಟ ಇನ್ನೂ ಹೆಚ್ಚಾಯಿತು. ಗೋಡೆಗೆ ಒರಗಿದರೆ ಚಳಿ, ದಿಂಬು ಜಾರುತ್ತೆ. ಪಕ್ಕದ ಮನೆಯ ಭಾಯಿ ಬಂದು, ತಾತನ ಬೆನ್ನಿಗೆ ಬೆನ್ನು ಕೊಟ್ಟು ಕೂತರು. ಬೆಳಗಿನ ತನಕ ಹಾಗೇ ಕೂತಿದ್ದರು. ಮಾರನೇ ರಾತ್ರಿ ಕೆಳಗಿನ ಲೈನಿನ ತೆಲುಗು ಮಾತಾಡೋ ಮಾದಿಗರ ಹಿರಿಯರು. ಅದಕ್ಕೆ ಮುಂಚೆ ಅವರ ಮನೆಗೂ ನಮ್ಮ ಮನೆಗೂ ನೀರಿನ ಸಂಬಂಧ ಇರಲಿಲ್ಲ, ತಪ್ಪು ನಮ್ಮ ಕಡೆಯದೇ. ಪಾಟಿ ಅವತ್ತು ಅವರಿಗೆ ತಮ್ಮ ಲೋಟದಲ್ಲಿ ಟೀ ಕೊಟ್ಟರು. ಆಮೇಲೆ ಚರ್ಚಿನ ಇಬ್ಬರು, ತಾತನ ಜೊತೆ ಗಣಿಗೆ ಇಳಿಯುತ್ತಿದ್ದ ಮೂವರು. ಗಣಿಯ ಅಭ್ಯಾಸದಂತೆ ಶಿಫ್ಟ್ ಹಾಕಿಕೊಂಡರು. ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಹೆಸರು ಬರೆದಿದ್ದರು. ಏಳು ತಿಂಗಳು ನಡೆಯಿತು. ತಾತನ ಪುಪ್ಪುಸ ವಾಸಿಯಾಗಲಿಲ್ಲ. ಆಗೋ ರೋಗವೂ ಅಲ್ಲ. ಹೋದದ್ದು ಒಂದು ಬೆನ್ನಿಗೆ ಒರಗಿಕೊಂಡೇ. ಒರಗಿಸಿಕೊಂಡಿದ್ದವರಿಗೆ ಸ್ವಲ್ಪ ಹೊತ್ತು ಗೊತ್ತೇ ಆಗಲಿಲ್ಲವಂತೆ.

ನಮ್ಮ ಲೈನಿನಲ್ಲಿ ಈಗ ಇನ್ನೊಬ್ಬ ತಾತ ಇದ್ದಾರೆ. ಅದೇ ಧೂಳು, ಅದೇ ಕೂತ ನಿದ್ದೆ. ಮಕ್ಕಳು ಬೆಳಗಿನ ಗಾಡಿಗೆ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಬರೋರು, ನಿದ್ದೆಗೆಡೋಕೆ ಆಗೋದಿಲ್ಲ. ಮಂಗಳವಾರ, ಗುರುವಾರ, ಶನಿವಾರದ ರಾತ್ರಿ ಖಾಲಿ ಇದೆ. ಬಂಗಾರಪೇಟೆಯಿಂದ ಗಾಡಿಯಲ್ಲಿ ಬಂದರೆ ದೂರ ಏನಲ್ಲ, ಊಟ ನಮ್ಮ ಮನೆಯಲ್ಲಿ. ಚೀಟಿ ಇಲ್ಲಿ ಮೇಜಿನ ಮೇಲೆ ಇಟ್ಟಿದ್ದೇವೆ. ಬರೋರು ಹೆಸರು ಬರೆದು ಹೋಗಿ. ಎರಡು ಹೆಸರು ಇರೋರು ಎರಡನ್ನೂ ಬರೆಯಿರಿ.